ಪೆಟ್ರೋಲ್ ತೆರಿಗೆ ಬೇಡ ಅಂದರೆ ರಸ್ತೆ ಬೇಡ ಅಂದ ಹಾಗಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದ ಕಡೆಯವನು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ತುಂಬಾ ವರ್ಷ ಕಾದ ಮೇಲೆ ಇಲ್ಲಿನ ಪೌರತ್ವ ಸಿಕ್ಕಿದೆ, ಮತ ಹಾಕುವ ಹಕ್ಕೂ ಬಂದಿದೆ. ಇಲ್ಲಿ ರಸ್ತೆ, ರೈಲು, ಬಸ್ಸಿಗೆ ಅಂತ ತೆರಿಗೆ ಏರಿಸುವ ಮಾತು ಬಂದರೆ ಸಾಕು, ಸಹಿ ಸಂಗ್ರಹಿಸುವವರು ಅಂಗಡಿ ಬಾಗಿಲಲ್ಲಿ ನಿಂತಿರುತ್ತಾರೆ. ನನ್ನ ಗೆಳೆಯ ದಿನಾ ಟ್ರೇಸಿಯಿಂದ ಸ್ಯಾನ್ ಹೋಸೆಗೆ ಕಾರಲ್ಲಿ ಓಡಾಡುತ್ತಾನೆ. 'ದುಡ್ಡೆಲ್ಲಾ ಬೇರೆ ಕಡೆ ಹೋಗುತ್ತೆ, ಏರಿಕೆಗೆ ವಿರೋಧವಾಗಿ ಸಹಿ ಹಾಕು' ಅನ್ನುತ್ತಾನೆ. ನನ್ನ ಹೆಂಡತಿ 'ರಸ್ತೆ ಬೇಕು, ತೆರಿಗೆ ಬೇಡ ಅಂದ್ರೆ ಹೇಗೆ' ಅನ್ನುತ್ತಾಳೆ. ಯಾರು ಸರಿ? ಇನ್ನೊಂದು, ನನ್ನದು ಎಲೆಕ್ಟ್ರಿಕ್ ಕಾರು. ಪೆಟ್ರೋಲೇ ಹಾಕಿಸುವುದಿಲ್ಲ. ಈ ಜಗಳಕ್ಕೂ ನನಗೂ ಸಂಬಂಧವೇ ಇಲ್ಲ ಅಲ್ವಾ?

ಉತ್ತರ: ಇಬ್ಬರೂ ಅರ್ಧರ್ಧ ಸರಿ ಅಂತ ಹೇಳಿ ನಾನು ಜಾರಿಕೊಳ್ಳಬಹುದು. ಹಾಗೆ ಮಾಡುವುದಿಲ್ಲ. ನಿಮ್ಮ ಗೆಳೆಯರ ಸಿಟ್ಟು ನ್ಯಾಯವಾದದ್ದೇ. ಆದರೆ ಅವರು ಕೊಡುತ್ತಿರುವ ಕಾರಣ ಹಳೆಯದು, ಹತ್ತಿಪ್ಪತ್ತು ವರ್ಷದ ಹಿಂದಿನದು. ಅದಕ್ಕಿಂತ ಗಟ್ಟಿಯಾದ ಕಾರಣ ಒಂದು ಅವರ ಕೈಯಲ್ಲೇ ಇದೆ. ಅದನ್ನು ಅವರು ಹೇಳುತ್ತಲೇ ಇಲ್ಲ. ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ವ್ಯತ್ಯಾಸ ನೋಡಿ. ನಮ್ಮ ಕರ್ನಾಟಕದಲ್ಲಿ ಪೆಟ್ರೋಲ್ ಮೇಲಿನ ರಾಜ್ಯ ತೆರಿಗೆ ಶೇಕಡಾ ಲೆಕ್ಕದಲ್ಲಿದೆ. 2024ರ ಜೂನ್‌ನಲ್ಲಿ ಶೇ 25.92 ಇದ್ದದ್ದು ಶೇ 29.84 ಆಯಿತು. ಬಂಕ್‌ನಲ್ಲಿ ಲೀಟರಿಗೆ ಸುಮಾರು 3 ರೂಪಾಯಿ ಏರಿತು. ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು, ಕೆಲಸ ಮುಗಿಯಿತು. ವಿರೋಧ ಪಕ್ಷದವರು ಬೀದಿಗಿಳಿದರು, ಜನ ಬೈದುಕೊಳ್ಳುತ್ತಾ ಟ್ಯಾಂಕ್ ತುಂಬಿಸಿಕೊಂಡರು. ಯಾರೂ ನಮ್ಮ ಮತ ಕೇಳಲಿಲ್ಲ. ಆ ದುಡ್ಡು ಹೋಗುವುದು ರಾಜ್ಯದ ಬೊಕ್ಕಸಕ್ಕೆ. ಅದರಲ್ಲಿ ರಸ್ತೆ ಎಷ್ಟು, ಸಂಬಳ ಎಷ್ಟು, ಪಿಂಚಣಿ ಎಷ್ಟು ಅಂತ ಪೆಟ್ರೋಲ್ ಹಾಕಿಸುವವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಕ್ಯಾಲಿಫೋರ್ನಿಯಾದ ಕಥೆ ಬೇರೆ. ಸಾಕಷ್ಟು ಸಹಿ ಸಂಗ್ರಹಿಸಿದರೆ ಅಲ್ಲಿ ತೆರಿಗೆಯನ್ನೇ ಜನರ ಮತಕ್ಕೆ ಹಾಕಿಸಬಹುದು. ತೆರಿಗೆಯ ಲೆಕ್ಕವೂ ಬೇರೆ. ಅಲ್ಲಿನ ಗ್ಯಾಸ್ ಟ್ಯಾಕ್ಸ್, ಅಂದರೆ ಪೆಟ್ರೋಲ್ ತೆರಿಗೆ, ಗ್ಯಾಲನ್ನಿಗೆ (ಸುಮಾರು 3.8 ಲೀಟರ್) ಇಷ್ಟು ಸೆಂಟ್ ಅಂತ ಇರುತ್ತದೆ. 1923ರಲ್ಲಿ ಶುರುವಾದಾಗ 2 ಸೆಂಟ್. ಏರುತ್ತಾ ಏರುತ್ತಾ 1994ಕ್ಕೆ 18 ಸೆಂಟ್ ಆಯಿತು. ಆಮೇಲೆ ಈ ಮೂಲ ದರ 2017ರವರೆಗೆ ಅಲ್ಲೇ ನಿಂತಿತು. ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ಹಾಕುವ 18.4 ಸೆಂಟ್ 1993ರಿಂದ ಇವತ್ತಿನವರೆಗೂ ಕದಲಿಲ್ಲ. ಸೆಂಟ್ ಲೆಕ್ಕದ ತೆರಿಗೆಗೆ ಒಂದು ಕಾಯಿಲೆ ಇದೆ. ಪೆಟ್ರೋಲ್ ಬೆಲೆ ಎಷ್ಟೇ ಏರಲಿ, ತೆರಿಗೆ ಅಷ್ಟೇ ಬರುತ್ತದೆ. ಇತ್ತ ಡಾಂಬರಿನ ಬೆಲೆ, ಕೂಲಿ, ಕಬ್ಬಿಣ ಎಲ್ಲಾ ಏರುತ್ತವೆ. 1994ರ 18 ಸೆಂಟಿಗೆ 2017ರಲ್ಲಿ ಇದ್ದ ಬೆಲೆ ಸುಮಾರು 11 ಸೆಂಟ್. ಇದರ ಜೊತೆಗೆ ಕಾರುಗಳ ಮೈಲೇಜ್ ಜಾಸ್ತಿಯಾಯಿತು. ಅದೇ ರಸ್ತೆ, ಅದೇ ಸವೆತ, ಆದರೆ ಮೈಲಿಗೆ ಸುಡುವ ಪೆಟ್ರೋಲ್ ಕಡಿಮೆ.

ಹಾಗಾಗಿ ಅಮೆರಿಕದ ರಾಜ್ಯಗಳು ಇಪ್ಪತ್ತು ವರ್ಷಕ್ಕೊಮ್ಮೆ ಜನರ ಮುಂದೆ ಬಂದು ಕೈ ಚಾಚಬೇಕಾಗುತ್ತದೆ. ಇಷ್ಟಿಷ್ಟೇ ಏರಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದೇ ಸಲಕ್ಕೆ ದೊಡ್ಡ ಮೊತ್ತ ಕೇಳಿದಾಗ ಜನ ಕೆರಳುತ್ತಾರೆ. ವಿರೋಧ ಹುಟ್ಟುವುದಕ್ಕೆ ಅರ್ಧ ಕಾರಣ ಜನರ ಜಿಪುಣತನವಲ್ಲ, ತೆರಿಗೆಯ ಈ ರಚನೆಯೇ.

ಈಗ 2017ಕ್ಕೆ ಬರೋಣ. ಆ ವರ್ಷ ಏಪ್ರಿಲ್‌ನಲ್ಲಿ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕಿದ ಕಾಯ್ದೆಗೆ ಎಲ್ಲರೂ ಎಸ್‌ಬಿ 1, ಅಂದರೆ ಸೆನೆಟ್ ಬಿಲ್ 1, ಅನ್ನುತ್ತಾರೆ. ನವೆಂಬರ್ 1ರಿಂದ ಪೆಟ್ರೋಲ್ ಮೇಲೆ ಗ್ಯಾಲನ್ನಿಗೆ 12 ಸೆಂಟ್, ಡೀಸೆಲ್ ಮೇಲೆ 20 ಸೆಂಟ್ ಏರಿತು. 2018ರ ಜನವರಿಯಿಂದ ಗಾಡಿ ನೋಂದಣಿ ನವೀಕರಣದ ಬಿಲ್ಲಿನಲ್ಲಿ ಹೊಸ ಸಾಲೊಂದು ಸೇರಿತು. ಗಾಡಿಯ ಬೆಲೆ ನೋಡಿ ವರ್ಷಕ್ಕೆ 25ರಿಂದ 175 ಡಾಲರ್. ಎಲ್ಲಾ ಸೇರಿ ವರ್ಷಕ್ಕೆ 500 ಕೋಟಿ ಡಾಲರ್‌ಗಿಂತ ಸ್ವಲ್ಪ ಜಾಸ್ತಿ, ಹತ್ತು ವರ್ಷಕ್ಕೆ ಸುಮಾರು 5,200 ಕೋಟಿ ಡಾಲರ್ ಬರುವ ಅಂದಾಜು. ಇದಕ್ಕೆ ಬದಲಾಗಿ ಸರ್ಕಾರ ಕೊಟ್ಟ ಮಾತನ್ನು ಕಾಯ್ದೆಯಲ್ಲೇ ಬರೆದರು. 2027ರ ಕೊನೆಗೆ ರಾಜ್ಯ ಹೆದ್ದಾರಿಗಳ ಶೇ 98 ಭಾಗ ಚೆನ್ನಾಗಿರಬೇಕು, ಅಥವಾ ಕಡೇಪಕ್ಷ ಓಡಾಡುವಂತಿರಬೇಕು. ಇನ್ನೂ 500 ಸೇತುವೆಗಳ ದುರಸ್ತಿಯಾಗಬೇಕು. ಹೀಗೆ ಅಂಕಿ ಕೊಟ್ಟು ಮಾತು ಕೊಡುವ ಕಾಯ್ದೆ ಅಪರೂಪ. ಆ ವಿಷಯದಲ್ಲಿ ನನಗೆ ಇದರ ಮೇಲೆ ಗೌರವ ಇದೆ.

ಕಾಯ್ದೆ ಪಾಸಾದ ರೀತಿ ಮಾತ್ರ ಗೌರವ ಪಡುವಂಥದ್ದಾಗಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೆರಿಗೆ ಏರಿಸಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 40 ಜನರ ಸೆನೆಟ್‌ನಲ್ಲಿ 27, 80 ಜನರ ಅಸೆಂಬ್ಲಿಯಲ್ಲಿ 54. ಸರಿಯಾಗಿ ಅಷ್ಟೇ ಮತ ಬಿತ್ತು, ಒಂದೂ ಜಾಸ್ತಿ ಇಲ್ಲ. ಸೆನೆಟ್‌ನಲ್ಲಿ ಆಳುವ ಡೆಮಾಕ್ರಟಿಕ್ ಪಕ್ಷದವರೇ ಒಬ್ಬರು ಬೇಡ ಅಂದರು. ಆ ಒಂದು ಮತ ತುಂಬಿಸಲು ರಿಪಬ್ಲಿಕನ್ ಪಕ್ಷದ ಆಂಥನಿ ಕನೆಲ್ಲಾ ಬಂದರು. ಅವರ ಕ್ಷೇತ್ರದ ಕಡೆಗೆ ಏಸ್ ರೈಲನ್ನು ಎಳೆಯಲು 40 ಕೋಟಿ ಡಾಲರ್ ಕೊಡುವುದು ಅಂತ ಒಪ್ಪಂದವಾಯಿತು. ಏಸ್ ಅಂದರೆ ಯಾವುದು ಅಂತ ನಿಮಗೆ ಗೊತ್ತೇ ಇದೆ. ಸ್ಟಾಕ್‌ಟನ್ನಿನಿಂದ ಹೊರಟು, ಟ್ರೇಸಿ ದಾಟಿ, ನಿಮ್ಮ ಫ್ರೀಮಾಂಟ್ ಮೇಲೆ ಸ್ಯಾನ್ ಹೋಸೆಗೆ ಬರುವ ರೈಲು. ಇದು ಲಂಚವಲ್ಲ, ಕಾನೂನಿನ ಒಳಗಿನ ಚೌಕಾಸಿ. ಆದರೆ ವಿರೋಧಿಗಳ ಕೈಗೆ ಕೋಲು ಕೊಟ್ಟ ಹಾಗಾಯಿತು. 'ರಸ್ತೆ ದುರಸ್ತಿ ಅಂತ ಹೇಳಿ ವೋಟು ಕೊಂಡುಕೊಂಡರು' ಅಂತ ಅವರು ಊರೆಲ್ಲಾ ಹೇಳಿಕೊಂಡು ಬಂದರು.

'ದುಡ್ಡು ಬೇರೆ ಕಡೆ ಹೋಗುತ್ತೆ' ಅನ್ನುವುದು ನಿಮ್ಮ ಗೆಳೆಯರು ಸುಮ್ನೆ ಹುಟ್ಟಿಸಿಕೊಂಡ ಮಾತಲ್ಲ. ಅದಕ್ಕೆ ಇತಿಹಾಸ ಇದೆ. ಜನರೇ ನೇರವಾಗಿ ಮತ ಹಾಕಿ ತೀರ್ಮಾನಿಸುವ ಪ್ರಸ್ತಾಪಕ್ಕೆ ಅಲ್ಲಿ ಪ್ರೊಪೊಸಿಷನ್ ಅನ್ನುತ್ತಾರೆ. 2002ರಲ್ಲಿ ಮತದಾರರು ಪ್ರೊಪೊಸಿಷನ್ 42 ಪಾಸು ಮಾಡಿದರು. ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಸಾರಿಗೆಗೇ ಬಳಸಬೇಕು ಅಂತ. ತುರ್ತು ಇದ್ದರೆ ನಿಲ್ಲಿಸಬಹುದು ಅನ್ನುವ ಒಂದು ಸಂದು ಅದರಲ್ಲಿತ್ತು. ಮರುವರ್ಷವೇ ಬಜೆಟ್‌ಗೆ ತುರ್ತು ಬಂತು. ಎರಡು ವರ್ಷ ಆ ಹಣವನ್ನು ಸಾಮಾನ್ಯ ಖರ್ಚಿಗೆ ತಿರುಗಿಸಿದರು. 2006ರಲ್ಲಿ ಜನ ಮತ್ತೆ ಮತ ಹಾಕಿ ಆ ಸಂದು ಬಿಗಿ ಮಾಡಿದರು. 2010ರಲ್ಲಿ ಸರ್ಕಾರ ಮಾರಾಟ ತೆರಿಗೆಯನ್ನೇ ಬಹುಪಾಲು ತೆಗೆದು, ಅದರ ಜಾಗಕ್ಕೆ ಸೆಂಟ್ ಲೆಕ್ಕದ ತೆರಿಗೆ ತಂದಿತು. ಬೀಗ ಹಾಕಿದ್ದ ಪೆಟ್ಟಿಗೆ ಅಲ್ಲೇ ಇತ್ತು, ಒಳಗಿನ ದುಡ್ಡು ಮಾತ್ರ ಬೇರೆ ಪೆಟ್ಟಿಗೆಗೆ ಹೋಯಿತು! ಟ್ರಕ್‌ಗಳ ತೂಕದ ಮೇಲಿನ ಶುಲ್ಕದ್ದು ಇನ್ನೊಂದು ಕಥೆ. ವರ್ಷಕ್ಕೆ ಸುಮಾರು 100 ಕೋಟಿ ಡಾಲರ್ ಬರುತ್ತಿದ್ದ ಆ ಹಣವನ್ನು ಹಳೆಯ ಸಾರಿಗೆ ಸಾಲಪತ್ರಗಳ ಕಂತು ಕಟ್ಟಲು ಹಚ್ಚಿದರು. ಅದೂ ಸಾರಿಗೆಗೇ ಅಲ್ವಾ ಅಂತ ಸರ್ಕಾರ ಕೇಳಬಹುದು. ಆದರೆ ಆ ಕಂತನ್ನು ಮೊದಲು ಸಾಮಾನ್ಯ ಬೊಕ್ಕಸ ಕಟ್ಟುತ್ತಿತ್ತು. ಈಗ ರಸ್ತೆಗೆ ಬರಬೇಕಾದ ದುಡ್ಡು ಕಟ್ಟುತ್ತಿದೆ. ಲೆಕ್ಕದಲ್ಲಿ ತಪ್ಪಿಲ್ಲ, ಗುಂಡಿ ಮುಚ್ಚಲು ದುಡ್ಡಿಲ್ಲ.

ಇದರ ಜೊತೆಗೆ 2014ರಲ್ಲಿ ವಿಧಾನಮಂಡಲದ ವಿಶ್ಲೇಷಕರ ಕಚೇರಿಯೇ ಒಂದು ವರದಿ ಕೊಟ್ಟಿತು. ರಾಜ್ಯದ ಹೆದ್ದಾರಿ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಯೋಜನಾ ವಿಭಾಗದಲ್ಲಿ ಸುಮಾರು 3,500 ಹುದ್ದೆ ಜಾಸ್ತಿ ಇದೆ ಅಂತ ಅದರಲ್ಲಿತ್ತು. ವಿರೋಧಿಗಳು ಇದನ್ನು ಫ್ರೇಮ್ ಹಾಕಿಸಿ ಇಟ್ಟುಕೊಂಡರು ಅನ್ನಬೇಕು. ಯಾವ ಚರ್ಚೆಯಲ್ಲೂ ಬಿಡಲಿಲ್ಲ. 'ಮೊದಲು ಮನೆ ಗುಡಿಸಿ, ಆಮೇಲೆ ದುಡ್ಡು ಕೇಳಿ' ಅನ್ನುವ ಮಾತಿಗೆ ಎದುರುತ್ತರ ಕೊಡುವುದು ಕಷ್ಟ. ನಾನಾದರೂ ಕೊಡುತ್ತಿರಲಿಲ್ಲ.

ಇನ್ನೊಂದು ಅಪವಾದ ಮಾತ್ರ ಸರಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಹೈಸ್ಪೀಡ್ ರೈಲು ಅಂತ 2008ರಲ್ಲಿ ಜನ ಒಪ್ಪಿದ್ದರು. ಆಗ ಅದರ ಅಂದಾಜು 3,300 ಕೋಟಿ ಡಾಲರ್ ಆಸುಪಾಸು. ಈಗ 10,000 ಕೋಟಿ ದಾಟಿದೆ. ಜನರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಆ ರೈಲಿಗೆ ಮುಖ್ಯವಾಗಿ ಹಣ ಬರುವುದು ಸಾಲಪತ್ರ ಮತ್ತು ಹೊಗೆ ಉಗುಳುವ ಕಾರ್ಖಾನೆಗಳಿಗೆ ಪರವಾನಗಿ ಹರಾಜು ಹಾಕಿದ ಹಣದಿಂದ. ನೀವು ಪಂಪಿನಲ್ಲಿ ಕೊಡುವ 12 ಸೆಂಟ್ ಅಲ್ಲಿಗೆ ಹೋಗುತ್ತಿದೆ ಅಂತ ಹೇಳುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ.

ಈಗ ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ದಿನಕ್ಕೆ ಬರುತ್ತೇನೆ. 2018ರ ಜೂನ್ 5. ಆ ಒಂದೇ ದಿನ ಎರಡು ಮತದಾನ ನಡೆಯಿತು. ಫುಲ್ಲರ್ಟನ್ ಕಡೆಯ ಸೆನೆಟ್ ಕ್ಷೇತ್ರದಲ್ಲಿ ಜಾಶ್ ನ್ಯೂಮನ್ ಅನ್ನುವ ಹೊಸ ಸೆನೆಟರ್ ಇದ್ದರು. 2016ರಲ್ಲಿ ಕೂದಲೆಳೆಯ ಅಂತರದಲ್ಲಿ ಗೆದ್ದವರು. ಎಸ್‌ಬಿ 1ಕ್ಕೆ ಮತ ಹಾಕಿದ್ದಕ್ಕೆ ಅವರನ್ನು ವಾಪಸ್ ಕರೆಸಬೇಕು ಅಂತ ವಿರೋಧಿಗಳು ಸಹಿ ಸಂಗ್ರಹಿಸಿದ್ದರು. ಹೌದು ಅಂದವರು ಶೇ 58. ಅವರ ಕುರ್ಚಿ ಹೋಯಿತು. 2020ರಲ್ಲಿ ಅದೇ ಕ್ಷೇತ್ರದಿಂದ ಗೆದ್ದು ವಾಪಸ್ ಬಂದರು, ಅದು ಬೇರೆ ವಿಷಯ. ಅದೇ ದಿನ ಇಡೀ ರಾಜ್ಯ ಪ್ರೊಪೊಸಿಷನ್ 69ಕ್ಕೆ ಮತ ಹಾಕಿತು. ಎಸ್‌ಬಿ 1ರ ಹಣವನ್ನು ಸಾರಿಗೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ ಸಂವಿಧಾನದಲ್ಲೇ ಬರೆಯುವ ಪ್ರಸ್ತಾಪ. ಶೇ 80ಕ್ಕಿಂತ ಜಾಸ್ತಿ ಜನ ಹೌದು ಅಂದರು. ಕ್ಯಾಲಿಫೋರ್ನಿಯಾದಂಥ ಕಡೆ ನೂರಕ್ಕೆ ಎಂಬತ್ತು ಜನ ಯಾವುದನ್ನಾದರೂ ಒಪ್ಪುವುದು ಅಂದರೆ ಸಣ್ಣ ಮಾತಲ್ಲ.

ಗಮನಿಸಿದಿರಾ? ತೆರಿಗೆ ಹಾಕಿದವನ ಮೇಲೆ ಸಿಟ್ಟು, ಆದರೆ ಹಾಕಿದ ಮೇಲೆ ಪೆಟ್ಟಿಗೆಗೆ ಬೀಗ ಬೇಕೇ ಬೇಕು. ನನ್ನ ಓದು ಇದು: ಜನ ವಿರೋಧಿಸಿದ್ದು ಹನ್ನೆರಡು ಸೆಂಟನ್ನಲ್ಲ, ಬೀಗವಿಲ್ಲದ ಪೆಟ್ಟಿಗೆಯನ್ನು. ಆ ಬೀಗ ಸಿಕ್ಕಿದ್ದು ವಿರೋಧಿಗಳ ಗಲಾಟೆಯಿಂದಲೇ. ಅವರು ಅಷ್ಟು ಕೂಗಾಡದಿದ್ದರೆ ಸರ್ಕಾರ ತಾನಾಗಿ ತನ್ನ ಕೈ ಕಟ್ಟಿಕೊಳ್ಳುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಬೀಗ ಪೂರ್ತಿ ಅಲ್ಲ, ಟ್ರಕ್ ತೂಕದ ಶುಲ್ಕ ಅದರ ಹೊರಗೇ ಉಳಿಯಿತು. ಆದರೂ ಹೊಸ ತೆರಿಗೆಯ ಹಣಕ್ಕೆ ಬೀಗ ಬಿದ್ದಿದೆ. ಅದಕ್ಕೇ ನಿಮ್ಮ ಗೆಳೆಯರ ಕಾರಣ ಹಳೆಯದಾಯಿತು ಅಂದೆ. ಅವರು ಆ ಜಗಳ ಗೆದ್ದಾಗಿದೆ, ಗೆದ್ದದ್ದು ಅವರಿಗೇ ಗೊತ್ತಿಲ್ಲ.

ಆಮೇಲೆ ನವೆಂಬರ್ ಬಂತು. ಎಸ್‌ಬಿ 1ರ ಏರಿಕೆಯನ್ನೇ ರದ್ದು ಮಾಡುವ, ಮುಂದೆ ಇಂಥ ಯಾವ ತೆರಿಗೆ ಹಾಕಿದರೂ ಜನರ ಮತ ಕೇಳಲೇಬೇಕು ಅನ್ನುವ ಪ್ರೊಪೊಸಿಷನ್ 6. ಸ್ಯಾನ್ ಡಿಯಾಗೊದ ಕಾರ್ಲ್ ಡಿಮಾಯೊ ಮುಂದೆ ನಿಂತು ನಡೆಸಿದರು. ರಿಪಬ್ಲಿಕನ್ನರ ಗವರ್ನರ್ ಅಭ್ಯರ್ಥಿ ಜಾನ್ ಕಾಕ್ಸ್ ಬೆನ್ನಿಗೆ ನಿಂತರು. ಆ ಶರತ್ಕಾಲದಲ್ಲಿ ನಾನು ಸನ್ನಿವೇಲ್‌ನಲ್ಲಿ ತಂಗಿಯ ಮನೆಯಲ್ಲಿದ್ದೆ. ಊಟದ ಮೇಜಿನ ಮೇಲೆ ದಪ್ಪನೆಯ ಮತದಾರರ ಮಾರ್ಗದರ್ಶಿ ಬಿದ್ದಿತ್ತು, ಉಪ್ಪಿನಕಾಯಿ ಎಣ್ಣೆಯ ಕಲೆ ಸಮೇತ. ಭಾವ ಕೇಳಿದರು: 'ಇದರಲ್ಲಿ ಹೌದು ಅಂದ್ರೆ ತೆರಿಗೆ ಬೇಡ ಅಂತಲೋ, ಇಲ್ಲ ಅಂದ್ರೆ ಬೇಡ ಅಂತಲೋ?' ಎಂಜಿನಿಯರ್ ಮನುಷ್ಯ. ಅವರದ್ದೇನೂ ತಪ್ಪಿಲ್ಲ. ಮತಪತ್ರದ ಮೇಲಿನ ಶೀರ್ಷಿಕೆ 'ರಸ್ತೆ ದುರಸ್ತಿ ಮತ್ತು ಸಾರಿಗೆಯ ಕೆಲವು ಹಣವನ್ನು ತೆಗೆದುಹಾಕುತ್ತದೆ' ಅನ್ನುವ ಧಾಟಿಯಲ್ಲಿ ಶುರುವಾಗಿತ್ತು. 'ಗ್ಯಾಸ್ ಟ್ಯಾಕ್ಸ್ ರದ್ದು' ಅನ್ನುವ ಮಾತು ತಲೆಯಲ್ಲಿ ಇರಲಿಲ್ಲ. ಶೀರ್ಷಿಕೆ ಬರೆಯುವುದು ರಾಜ್ಯದ ಅಟಾರ್ನಿ ಜನರಲ್ ಕಚೇರಿ, ಅಂದರೆ ಸರ್ಕಾರದ ಕಡೆಯವರೇ. ವಿರೋಧಿಗಳು ಇದು ಮೋಸ ಅಂದರು. ಮೋಸ ಅನ್ನುವಷ್ಟು ದೂರ ನಾನು ಹೋಗುವುದಿಲ್ಲ, ಜಾಣತನ ಅನ್ನುತ್ತೇನೆ. ಎರಡು ಹೇಳಿಕೆಯೂ ನಿಜವೇ. ಯಾವ ನಿಜವನ್ನು ಮೊದಲು ಇಡುತ್ತೀರಿ ಅನ್ನುವುದರಲ್ಲಿ ಸಾವಿರಾರು ವೋಟು ಇರುತ್ತದೆ.

ಹಣದ ಬಲವೂ ಸಮ ಇರಲಿಲ್ಲ. ತೆರಿಗೆ ಉಳಿಯಬೇಕು ಅನ್ನುವ ಪ್ರಚಾರಕ್ಕೆ ರಸ್ತೆ ಕಟ್ಟುವ ಗುತ್ತಿಗೆದಾರರು, ಕಟ್ಟಡ ಕಾರ್ಮಿಕರ ಸಂಘಗಳು ಕೈಬಿಚ್ಚಿ ಕೊಟ್ಟವು. ರದ್ದು ಮಾಡಿ ಅನ್ನುವವರಿಗಿಂತ ಹಲವು ಪಟ್ಟು ಜಾಸ್ತಿ. ಕಾಂಟ್ರಾಕ್ಟು ಸಿಗುವವರೇ ತೆರಿಗೆ ಇರಲಿ ಅಂತ ದುಡ್ಡು ಸುರಿದರೆ ಜನರಿಗೆ ಅನುಮಾನ ಬರಬೇಕಾದ್ದೇ. ಅತ್ತ ವಿರೋಧಿಗಳೂ ಸಾಧುಗಳೇನಲ್ಲ. ಒಂದು ಕುಟುಂಬಕ್ಕೆ ವರ್ಷಕ್ಕೆ 700 ಡಾಲರ್‌ಗಿಂತ ಜಾಸ್ತಿ ಹೊರೆ ಅಂತ ಪ್ರಚಾರ ಮಾಡಿದರು. ಲೆಕ್ಕ ನೀವೇ ಹಾಕಿ. ವರ್ಷಕ್ಕೆ 12,000 ಮೈಲಿ, ಗ್ಯಾಲನ್ನಿಗೆ 30 ಮೈಲಿ ಕೊಡುವ ಕಾರು. 400 ಗ್ಯಾಲನ್. 12 ಸೆಂಟಿನಂತೆ 48 ಡಾಲರ್. ಕಾರಿನ ಬೆಲೆ 25,000 ಡಾಲರ್ ಒಳಗಿದ್ದರೆ ನೋಂದಣಿಯ ಹೊಸ ಶುಲ್ಕ 50 ಡಾಲರ್ ಮೀರುವುದಿಲ್ಲ. ಒಂದು ಕಾರಿಗೆ ನೂರು ಡಾಲರ್ ಒಳಗೆ. ಎರಡು ಕಾರಿದ್ದರೆ ಇನ್ನೂರು. ಏಳುನೂರು ಮುಟ್ಟಿಸಲು ತುಂಬಾ ಕಷ್ಟಪಡಬೇಕು.

ಫಲಿತಾಂಶ: ರದ್ದು ಬೇಡ ಅಂದವರು ಶೇ 57, ಬೇಕು ಅಂದವರು ಶೇ 43. ತೆರಿಗೆ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಬೆಳೆಯುತ್ತಲೂ ಇದೆ. ಎಸ್‌ಬಿ 1ರಲ್ಲಿ 2020ರಿಂದ ಪ್ರತಿ ಜುಲೈ 1ಕ್ಕೆ ಬೆಲೆಯೇರಿಕೆಗೆ ತಕ್ಕಂತೆ ತೆರಿಗೆ ತಾನಾಗಿ ಏರಬೇಕು ಅಂತ ಬರೆದಿದೆ. 2017ರ ಏರಿಕೆಗೆ ಮುಂಚೆ ರಾಜ್ಯದ ಒಟ್ಟು ಸೆಂಟ್ ತೆರಿಗೆ 29.7 ಇತ್ತು. ಏರಿಕೆಯ ದಿನ 41.7 ಆಯಿತು. 2020ರಲ್ಲಿ 50.5, 2023ರಲ್ಲಿ 57.9, 2025ರ ಜುಲೈಯಲ್ಲಿ 61.2 ಸೆಂಟ್. ಮತ ಇಲ್ಲ, ಚರ್ಚೆ ಇಲ್ಲ, ಕ್ಯಾಲೆಂಡರ್ ತಿರುವಿದರೆ ಸಾಕು. ನನ್ನಂಥ ಹಣಕಾಸಿನ ಮೇಷ್ಟ್ರಿಗೆ ಇದು ಸರಿಯಾದ ಔಷಧಿ. ಮೊದಲು ಹೇಳಿದ ಕಾಯಿಲೆಗೆ ಇದೇ ಮದ್ದು. ಆದರೆ ವಿರೋಧಿಗಳ ಪ್ರಶ್ನೆಗೂ ತೂಕ ಇದೆ: ತೆರಿಗೆ ಏರಿಸುವವನು ಎದ್ದು ನಿಂತು ಕೈ ಎತ್ತಬೇಕಲ್ವಾ? ಮೆಸಾಚೂಸೆಟ್ಸ್‌ನಲ್ಲಿ ಇದೇ ಆಯಿತು. 2013ರಲ್ಲಿ ಅಲ್ಲಿ 21 ಸೆಂಟಿನಿಂದ 24ಕ್ಕೆ ಏರಿಸಿ, ಮುಂದೆ ತಾನಾಗಿ ಏರುವ ಏರ್ಪಾಡನ್ನೂ ಸೇರಿಸಿದರು. 2014ರಲ್ಲಿ ವಿರೋಧಿಗಳು ಮೂರು ಸೆಂಟ್ ತಂಟೆಗೆ ಹೋಗಲಿಲ್ಲ. ತಾನಾಗಿ ಏರುವುದನ್ನು ಮಾತ್ರ ಮತಕ್ಕೆ ಹಾಕಿಸಿ, ಶೇ 53 ಮತ ಪಡೆದು ತೆಗೆಸಿಹಾಕಿದರು. ನಾನು ನೋಡಿದ ತೆರಿಗೆ ವಿರೋಧಗಳಲ್ಲಿ ಇದು ಅಚ್ಚುಕಟ್ಟಾದದ್ದು. ಏನು ಬೇಡ ಅಂತ ಗೊತ್ತಿತ್ತು, ಅಷ್ಟನ್ನೇ ಕೇಳಿದರು.

ಈಗ ನಿಮ್ಮ ಗೆಳೆಯರ ಗಟ್ಟಿ ಕಾರಣಕ್ಕೆ ಬರುತ್ತೇನೆ. ಟ್ರೇಸಿಯಿಂದ ಸ್ಯಾನ್ ಹೋಸೆಗೆ ಹೋಗಿ ಬರಲು ಸುಮಾರು 110 ಮೈಲಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 240 ದಿನ. 26,400 ಮೈಲಿ. ಕಾರು ಹಳೆಯದು, ಗ್ಯಾಲನ್ನಿಗೆ 25 ಮೈಲಿ. 1,056 ಗ್ಯಾಲನ್. 61.2 ಸೆಂಟಿನಂತೆ ರಾಜ್ಯದ ಈ ಒಂದು ತೆರಿಗೆಯೇ ಸುಮಾರು 646 ಡಾಲರ್. ಅವರು ಆಲ್ಟಮಾಂಟ್ ಕಣಿವೆ ದಾಟಿ ದಿನಾ ಬರುವುದು ಷೋಕಿಗಲ್ಲ. ಸ್ಯಾನ್ ಹೋಸೆ ಹತ್ತಿರ ಮನೆ ಕೊಳ್ಳಲು ಆಗದ್ದಕ್ಕೆ. ಕೆಲಸದ ಹತ್ತಿರ ಕೋಟಿಗಟ್ಟಲೆ ಬೆಲೆಯ ಮನೆಯಲ್ಲಿ ಇರುವವನು ಎರಡು ಮೈಲಿ ಓಡಿಸುತ್ತಾನೆ, ಅಥವಾ ಮನೆಯಲ್ಲೇ ಕೂತು ಕೆಲಸ ಮಾಡುತ್ತಾನೆ. ಮನೆ ಬಾಡಿಗೆಗೆ ಹೆದರಿ ದೂರ ಹೋದವನು ಪೆಟ್ರೋಲ್ ತೆರಿಗೆಯಲ್ಲಿ ಸಿಕ್ಕಿಬೀಳುತ್ತಾನೆ. ಸೆಂಟ್ರಲ್ ವ್ಯಾಲಿಯಲ್ಲಿ ಬಾದಾಮಿ ತೋಟಕ್ಕೆ, ಟೊಮೆಟೊ ಹೊಲಕ್ಕೆ ಹಳೆಯ ಪಿಕಪ್‌ನಲ್ಲಿ ಹೋಗುವ ಕೂಲಿಯವರದ್ದು ಇನ್ನೂ ಕಷ್ಟ. ಅವರ ಆದಾಯಕ್ಕೆ ಹೋಲಿಸಿದರೆ ಈ ತೆರಿಗೆ ನಿಮ್ಮ ಆದಾಯದ ಮೇಲೆ ಬೀಳುವುದಕ್ಕಿಂತ ಹಲವು ಪಟ್ಟು ಭಾರ.

'ದುಡ್ಡು ಎಲ್ಲಿ ಹೋಗುತ್ತೆ' ಅನ್ನುವುದಕ್ಕಿಂತ 'ದುಡ್ಡು ಯಾರ ಜೇಬಿನಿಂದ ಬರುತ್ತೆ' ಅನ್ನುವುದು ಗಟ್ಟಿ ಪ್ರಶ್ನೆ. ಇದಕ್ಕೆ ಬೀಗ ಉತ್ತರವಲ್ಲ. ಬಳಸಿದವನು ಕೊಡಲಿ ಅನ್ನುವ ನ್ಯಾಯ ಪೆಟ್ರೋಲ್ ತೆರಿಗೆಯ ಹಿಂದಿದೆ, ಒಪ್ಪುತ್ತೇನೆ. ಜಾಸ್ತಿ ಓಡಿಸಿದವನು ಜಾಸ್ತಿ ಸವೆಸುತ್ತಾನೆ. ಆದರೆ ರಸ್ತೆಯನ್ನು ನಿಜವಾಗಿ ಅರೆಯುವುದು ಕಾರಲ್ಲ, ಭಾರದ ಟ್ರಕ್ಕು. ಭಾರ ಏರಿದಂತೆ ಸವೆತ ಅದರ ಎಷ್ಟೋ ಪಟ್ಟು ಏರುತ್ತದೆ. ಟ್ರಕ್‌ನಿಂದ ಬರುವ ತೂಕದ ಶುಲ್ಕವೇ ಸಾಲದ ಕಂತಿಗೆ ಹೋಗುತ್ತಿದೆ ಅಂತ ಆಗಲೇ ಹೇಳಿದೆ. ನಿಮ್ಮ ಗೆಳೆಯರು ಕೇಳಬೇಕಾದ್ದು ಇದನ್ನು.

ಇನ್ನೊಂದು ವಿಷಯ ಅವರ ಕಿವಿಗೆ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಪೆಟ್ರೋಲ್ ಪಕ್ಕದ ರಾಜ್ಯಗಳಿಗಿಂತ ದುಬಾರಿ ಇರುವುದಕ್ಕೆ ಎಲ್ಲಾ ಪಾಪ ತೆರಿಗೆಯದ್ದಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಸೆವೆರಿನ್ ಬೊರೆನ್‌ಸ್ಟೈನ್ ವರ್ಷಗಳಿಂದ ಈ ಲೆಕ್ಕ ಇಡುತ್ತಿದ್ದಾರೆ. ತೆರಿಗೆ ಕಳೆದು, ಹೊಗೆ ನಿಯಂತ್ರಣದ ಖರ್ಚು ಕಳೆದು, ಶುದ್ಧ ಪೆಟ್ರೋಲ್ ತಯಾರಿಸುವ ಹೆಚ್ಚಿನ ಖರ್ಚು ಕಳೆದ ಮೇಲೂ ಒಂದಿಷ್ಟು ವ್ಯತ್ಯಾಸ ಉಳಿಯುತ್ತದೆ. ಅದಕ್ಕೆ ಅವರಿಟ್ಟ ಹೆಸರು 'ನಿಗೂಢ ಸರ್‌ಚಾರ್ಜ್'. 2015ರ ಫೆಬ್ರವರಿಯಲ್ಲಿ ಟಾರೆನ್ಸ್ ರಿಫೈನರಿಯಲ್ಲಿ ಸ್ಫೋಟವಾಯಿತು. ಆಗಿನಿಂದ ಶುರುವಾದದ್ದು ಆಮೇಲೆ ನಿಲ್ಲಲೇ ಇಲ್ಲ. ರಸ್ತೆಗೆ ಹೋಗುವ ಹನ್ನೆರಡು ಸೆಂಟಿನ ವಿರುದ್ಧ ರಾಜ್ಯವೆಲ್ಲಾ ಸಹಿ ಹಾಕಿತು. ಎಲ್ಲಿಗೆ ಹೋಗುತ್ತದೆ ಅಂತಲೇ ಸ್ಪಷ್ಟವಿಲ್ಲದ ಸೆಂಟುಗಳ ವಿರುದ್ಧ ಯಾರೂ ಮೇಜು ಹಾಕಿಕೊಂಡು ಅಂಗಡಿ ಮುಂದೆ ಕೂರಲಿಲ್ಲ. ಕಾಣುವ ತೆರಿಗೆಯನ್ನು ಬೈಯುವುದು ಸುಲಭ.

ನಿಮ್ಮ ಹೆಂಡತಿಯವರ ಮಾತಿಗೂ ಒಂದು ಬಾಲ ಸೇರಿಸಬೇಕು. 'ತೆರಿಗೆ ಬೇಡ' ಅಂದರೆ ಖರ್ಚು ಮಾಯವಾಗುವುದಿಲ್ಲ ಅನ್ನುವುದು ನಿಜ. ಹಾಸನದ ಕಡೆಯ ಹೆಂಚಿನ ಮನೆ ನೆನಪಿಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಡೆದ ನಾಲ್ಕು ಹೆಂಚು ಬದಲಾಯಿಸದಿದ್ದರೆ ಆಮೇಲೆ ತೊಲೆಯೇ ಕೊಳೆಯುತ್ತದೆ. ರಸ್ತೆಯೂ ಹಾಗೇ. ಮೇಲಿನ ಬಿರುಕಿಗೆ ಸಕಾಲದಲ್ಲಿ ತೇಪೆ ಹಾಕಿದರೆ ಅಗ್ಗ. ಬಿಟ್ಟರೆ ನೀರು ಇಳಿದು ಬುಡವೇ ಕುಸಿಯುತ್ತದೆ, ಆಗ ಅಗೆದು ಹೊಸದಾಗಿ ಕಟ್ಟಬೇಕು.

ಜನ ಬೇಡ ಅಂದ ಕಡೆ ಏನಾಯಿತು ಅಂತ ನೋಡಿದರೆ ಇದು ಗೊತ್ತಾಗುತ್ತದೆ. 2012ರ ಜುಲೈನಲ್ಲಿ ಅಟ್ಲಾಂಟಾ ಸುತ್ತಲಿನ ಹತ್ತು ಕೌಂಟಿಗಳಲ್ಲಿ ಸಾರಿಗೆಗೆ ಅಂತ ಶೇ 1 ಮಾರಾಟ ತೆರಿಗೆ ಮತಕ್ಕೆ ಬಂತು. ವಿರೋಧಿಗಳ ಸಾಲು ನೋಡಿದರೆ ನಗು ಬರುತ್ತದೆ. ತೆರಿಗೆಯೇ ಪಾಪ ಅನ್ನುವ ಟೀ ಪಾರ್ಟಿ, ರಸ್ತೆ ಜಾಸ್ತಿಯಾಯಿತು ಅನ್ನುವ ಸಿಯೆರಾ ಕ್ಲಬ್‌ನ ಪರಿಸರದವರು, ನಮ್ಮ ಕಡೆ ರೈಲು ಕೊಡಲಿಲ್ಲ ಅನ್ನುವ ಡೆಕಾಲ್ಬ್ ಕೌಂಟಿಯ ಕಪ್ಪು ಜನರ ಸಂಘಟನೆ. ಒಬ್ಬರಿಗೊಬ್ಬರು ಕಾಫಿಗೂ ಕೂರದವರು ಒಂದೇ ಕಡೆ ಮತ ಹಾಕಿದರು. ಶೇ 63 ಜನ ಬೇಡ ಅಂದರು. 2015ರಲ್ಲಿ ಜಾರ್ಜಿಯಾದ ವಿಧಾನಮಂಡಲ ಜನರನ್ನು ಕೇಳದೆ ಗ್ಯಾಲನ್ನಿಗೆ 26 ಸೆಂಟ್ ತೆರಿಗೆಯ ಹೊಸ ಕಾಯ್ದೆ ತಂದಿತು. ಅದೇ 2015ರ ಮೇ ತಿಂಗಳಲ್ಲಿ ಮಿಷಿಗನ್ ಜನ ರಸ್ತೆಗಾಗಿ ಮಾರಾಟ ತೆರಿಗೆ ಶೇ 6ರಿಂದ 7ಕ್ಕೆ ಏರಿಸುವುದನ್ನು ಶೇ 80 ಮತದಿಂದ ಒದ್ದು ಹಾಕಿದರು. ನವೆಂಬರ್ ಹೊತ್ತಿಗೆ ರಾಜಧಾನಿ ಲ್ಯಾನ್ಸಿಂಗ್‌ನ ಶಾಸಕರು ಪೆಟ್ರೋಲ್ ತೆರಿಗೆಯನ್ನು 19ರಿಂದ 26.3 ಸೆಂಟಿಗೆ, ನೋಂದಣಿ ಶುಲ್ಕವನ್ನು ಶೇ 20ರಷ್ಟು ಏರಿಸುವ ಕಾಯ್ದೆ ಮಾಡಿದರು. ಮುಂಬಾಗಿಲು ಹಾಕಿದರೆ ಹಿತ್ತಲ ಬಾಗಿಲಿನಿಂದ ಬಂತು. ವಿರೋಧ ವ್ಯರ್ಥ ಅಂತ ಇದರ ಅರ್ಥವಲ್ಲ. ಮಿಷಿಗನ್ ಜನ ಒದ್ದ ಪ್ರಸ್ತಾಪ ಶಾಲೆ, ರಸ್ತೆ, ಬಡವರ ತೆರಿಗೆ ರಿಯಾಯಿತಿ ಎಲ್ಲಾ ಕಲಸಿದ ಚಿತ್ರಾನ್ನವಾಗಿತ್ತು. ಎರಡನೇ ಸಲ ಬಂದದ್ದು ರಸ್ತೆಯ ಕಾಯ್ದೆ. ಒರೆಗನ್‌ನಲ್ಲೂ ಈ ಹಾದಿಯಲ್ಲೇ ಹೊರಟರು. ಅಮೆರಿಕದಲ್ಲಿ ಮೊದಲು ಗ್ಯಾಸ್ ಟ್ಯಾಕ್ಸ್ ಹಾಕಿದ ರಾಜ್ಯವೇ ಅದು, 1919ರಲ್ಲಿ ಒಂದು ಸೆಂಟ್. 2025ರಲ್ಲಿ 40 ಸೆಂಟನ್ನು 46 ಮಾಡುವ ಕಾಯ್ದೆಗೆ ಸಹಿ ಬಿದ್ದ ಕೂಡಲೇ ವಿರೋಧಿಗಳು ಅದನ್ನು ಜನಮತಕ್ಕೆ ಎಳೆಯಲು ಸಹಿ ಸಂಗ್ರಹಕ್ಕೆ ಇಳಿದರು.

ನಿಮ್ಮ ಕಡೆಯೂ ಸದ್ಯದಲ್ಲೇ ಇಂಥದ್ದು ಬರುವ ಹಾಗಿದೆ. 2025ರಲ್ಲಿ ಪಾಸಾದ ಎಸ್‌ಬಿ 63, ಬಾರ್ಟ್ ರೈಲು ಮತ್ತು ಬಸ್ಸುಗಳ ನಷ್ಟ ತುಂಬಲು ಅಲಮೀಡಾ ಸೇರಿದಂತೆ ಬೇ ಏರಿಯಾದ ಐದು ಕೌಂಟಿಗಳಲ್ಲಿ ಮಾರಾಟ ತೆರಿಗೆಯನ್ನು ಮತಕ್ಕೆ ಹಾಕಲು ದಾರಿ ಮಾಡಿದೆ. ನಿಮ್ಮ ಕೌಂಟಿಗೆ ಅರ್ಧ ಸೆಂಟ್, ಅಂದರೆ ನೂರು ಡಾಲರ್ ಸಾಮಾನಿಗೆ ಐವತ್ತು ಸೆಂಟ್. ಹೌದೋ ಇಲ್ಲವೋ ಅಂತ ನಾನು ಹೇಳುವುದಿಲ್ಲ, ಅಲ್ಲಿನ ಮತದಾರ ನಾನಲ್ಲ. ಸಹಿ ಕೇಳುವವನ ಕೈಯಲ್ಲಿರುವ ಹಾಳೆಯಲ್ಲಿ ಮೇಲಿನ ಸಾರಾಂಶ ನಿಂತು ಓದಿ. ಅವನು ಬಾಯಲ್ಲಿ ಹೇಳುವುದಕ್ಕೂ ಅದಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಮತದಾರರ ಮಾರ್ಗದರ್ಶಿ ಬಂದರೆ ಪರ ವಿರೋಧದ ವಾದಗಳನ್ನು ಕೊನೆಗೆ ಓದಿ, ವಿಶ್ಲೇಷಕರು ಬರೆದ ಹಣಕಾಸಿನ ಪುಟವನ್ನು ಮೊದಲು ಓದಿ. ಅದರಲ್ಲಿ ಬಣ್ಣದ ಮಾತು ಕಡಿಮೆ. ತೆರಿಗೆ ಯಾವ ವರ್ಷಕ್ಕೆ ಮುಗಿಯುತ್ತದೆ, ತಾನಾಗಿ ಏರುತ್ತದಾ, ದುಡ್ಡನ್ನು ಬೇರೆ ಕಡೆ ತಿರುಗಿಸಲು ಸಂದು ಇದೆಯಾ, ಇಷ್ಟು ಸಿಕ್ಕಿದರೆ ಸಾಕು.

ಕೊನೆಗೆ ನಿಮ್ಮ ಎಲೆಕ್ಟ್ರಿಕ್ ಕಾರು. ಸಂಬಂಧ ಇಲ್ಲ ಅಂದುಕೊಂಡಿದ್ದೀರಿ. ನಿಮ್ಮ ನೋಂದಣಿ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. 2020 ಅಥವಾ ಆಮೇಲಿನ ಮಾಡೆಲ್ ಆಗಿದ್ದರೆ, ಗಾಡಿ ಬೆಲೆಯ ಮೇಲಿನ ಶುಲ್ಕದ ಜೊತೆಗೆ ರಸ್ತೆ ಸುಧಾರಣೆ ಶುಲ್ಕ ಅಂತ ಒಂದು ಇರುತ್ತದೆ. 100 ಡಾಲರ್‌ನಿಂದ ಶುರುವಾದದ್ದು, ಬೆಲೆಯೇರಿಕೆ ಜೊತೆ ಏರುತ್ತಿದೆ. ಅದನ್ನು ಹಾಕಿದ್ದೂ ಎಸ್‌ಬಿ 1 ಕಾಯ್ದೆಯೇ. ನಿಮ್ಮಷ್ಟೇ ಓಡಿಸುವ, ಗ್ಯಾಲನ್ನಿಗೆ 30 ಮೈಲಿ ಕೊಡುವ ಪೆಟ್ರೋಲ್ ಕಾರಿನವನು ವರ್ಷಕ್ಕೆ 12,000 ಮೈಲಿಗೆ ಸುಮಾರು 245 ಡಾಲರ್ ಕೊಡುತ್ತಾನೆ. ನೀವು ಅದರ ಅರ್ಧದ ಆಸುಪಾಸು. ನಿಮ್ಮ ಕಾರು ಬ್ಯಾಟರಿಯಿಂದಾಗಿ ಅವನ ಕಾರಿಗಿಂತ ಭಾರವೂ ಹೌದು. ಇದು ಹೀಗೇ ನಡೆಯುವುದಿಲ್ಲ ಅಂತ ರಾಜ್ಯಕ್ಕೂ ಗೊತ್ತು. ಪೆಟ್ರೋಲ್ ಬದಲು ಓಡಿದ ಮೈಲಿಗೆ ಶುಲ್ಕ ಹಾಕಿದರೆ ಹೇಗೆ ಅಂತ ಕ್ಯಾಲಿಫೋರ್ನಿಯಾ 2016-17ರಲ್ಲೇ 5,000ಕ್ಕೂ ಜಾಸ್ತಿ ಗಾಡಿಗಳನ್ನು ಇಟ್ಟುಕೊಂಡು ಒಂಬತ್ತು ತಿಂಗಳು ಪರೀಕ್ಷೆ ಮಾಡಿ ನೋಡಿದೆ. ಅದು ನಿಜವಾಗಿ ಜಾರಿಗೆ ಬರುವ ದಿನ ಮತ್ತೆ ಅಂಗಡಿ ಬಾಗಿಲಲ್ಲಿ ಮೇಜು ಹಾಕುತ್ತಾರೆ. ಆಗ ಸಹಿ ಹಾಕು ಅಂತ ಟ್ರೇಸಿಯ ಗೆಳೆಯರು ನಿಮ್ಮನ್ನು ಕೇಳುತ್ತಾರೋ, ನೀವೇ ಅವರನ್ನು ಕೇಳುತ್ತೀರೋ ನೋಡಬೇಕು.